18ನೇ ದಿನದವರೆಗೆ ಜೀವ ಇದ್ದ ಮೊಟ್ಟೆ, ಕೊನೆಗೆ ಚಿಪ್ಪು ಒಡೆಯದೆ ಯಾಕೆ ಸಾಯುತ್ತದೆ?

ಹೊಸಹುಂಜ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಫ್ಯಾನ್ ಇರುವ ಚಿಕ್ಕ ಕಾವು ಪೆಟ್ಟಿಗೆ, ಅಂದ್ರೆ ಇನ್‌ಕ್ಯುಬೇಟರ್ ಇದೆ, ಮೊಟ್ಟೆ ತಾನಾಗೇ ತಿರುಗಿಸುವ ಟ್ರೇ ಕೂಡ ಇದೆ. ಕೋಳಿ ಮೊಟ್ಟೆ ಇಟ್ಟಿದ್ದೆ. 7ನೇ ದಿನ ಟಾರ್ಚ್ ಬಿಟ್ಟು ನೋಡಿದಾಗ ಹೆಚ್ಚುಕಮ್ಮಿ ಎಲ್ಲದರಲ್ಲೂ ನರ ಚೆನ್ನಾಗಿ ಹರಡಿತ್ತು. 14ಕ್ಕೂ ಸರಿ ಇತ್ತು, 18ಕ್ಕೂ ಒಳಗೆ ಅಲುಗಾಡುತ್ತಿದ್ದವು. ಆಮೇಲೆ ಎಲ್ಲಾ ಹಾಳಾಯಿತು. ಅರ್ಧಕ್ಕಿಂತ ಕಮ್ಮಿ ಮರಿ ಹೊರಗೆ ಬಂದವು, ಉಳಿದವು ಚಿಪ್ಪಿಗೆ ಒಂದು ಬಿರುಕು ಕೂಡ ಹಾಕಲಿಲ್ಲ. 23ನೇ ದಿನ ಒಡೆದು ನೋಡಿದರೆ ಪುಕ್ಕ ಬಂದು ಪೂರ್ತಿ ಬೆಳೆದ ಮರಿಗಳು, ಎಲ್ಲವೂ ಸತ್ತಿವೆ. ಟೆಂಪರೇಚರ್ 37.5 ಡಿಗ್ರಿ ಬಿಟ್ಟು ಕದಲಿಲ್ಲ, ತೇವಾಂಶವೂ ಸರಿಯಾಗೇ ಇತ್ತು. ಕೊನೆಯ ಮೂರು ದಿನದಲ್ಲಿ, ಅಂದ್ರೆ 18ರಿಂದ ಮರಿ ಬರಬೇಕಾದ 21ರೊಳಗೆ, ಏನಾಗುತ್ತದೆ? ಗೊತ್ತಿದ್ದವರು ಹೇಳಿ.

ಗರಿಗರಿ

ತೇವಾಂಶ ಕಮ್ಮಿ ಆಗಿ ಪೊರೆ ಒಣಗಿರುತ್ತೆ ಗುರು. ಮುಂದಿನ ಸಲ ನೀರು ಜಾಸ್ತಿ ಹಾಕಿ, ಅಷ್ಟೇ.

ಕಾವುಗೂಡು

ಸ್ವಲ್ಪ ತಡೀರಿ. ಇನ್ನಷ್ಟು ನೀರು ಹಾಕಿಸೋ ಮುಂಚೆ ನಾಲ್ಕು ವಿಷಯ ಗೊತ್ತಾಗಬೇಕು. ಮೊದಲ 18 ದಿನ ತೇವಾಂಶ ಎಷ್ಟಿತ್ತು? ಸತ್ತ ಮೊಟ್ಟೆ ಒಡೆದಾಗ ಒಳಗೆ ನೀರಿನಂಥದ್ದು ಇತ್ತಾ, ಇಲ್ಲಾ ಪೊರೆ ಮರಿಗೆ ಅಂಟಿಕೊಂಡು ಒಣಗಿತ್ತಾ? ದಪ್ಪ ತುದಿಯಲ್ಲಿ ಗಾಳಿ ಜಾಗ ಎಷ್ಟಿತ್ತು? ಮತ್ತೆ ಆ 37.5 ತೋರಿಸಿದ್ದು ಯಾವುದು, ಪೆಟ್ಟಿಗೆಯ ಡಿಸ್‌ಪ್ಲೇನಾ ಅಥವಾ ಬೇರೆ ಥರ್ಮಾಮೀಟರಾ?

ಹೊಸಹುಂಜ

ಮೊದಲ ದಿನದಿಂದಲೇ ಶೇ. 60-65 ಇಟ್ಟಿದ್ದೆ, ಪೆಟ್ಟಿಗೆ ಜೊತೆ ಬಂದ ಕಾಗದದಲ್ಲಿ ಹಾಗೇ ಇತ್ತು. ಕೊನೆಗೆ 70 ದಾಟಿಸಿದೆ. ಒಡೆದಾಗ ನೀರು ಸುರಿಯಿತು, ಮರಿ ಒದ್ದೆಯಾಗಿ ಊದಿಕೊಂಡ ಹಾಗಿತ್ತು. ಗಾಳಿ ಜಾಗ ಅಂತ ಪ್ರತ್ಯೇಕವಾಗಿ ನೋಡಲಿಲ್ಲ, ಆದರೆ ತುಂಬಾ ಚಿಕ್ಕದು. ಡಿಸ್‌ಪ್ಲೇ ಪೆಟ್ಟಿಗೆಯದ್ದೇ.

ಕಾವುಗೂಡು

ಹಾಗಾದರೆ ಕತೆ ಉಲ್ಟಾ. ನಿಮ್ಮ ಮರಿಗಳು ಒಣಗಿ ಸತ್ತಿದ್ದಲ್ಲ, ಮುಳುಗಿ ಸತ್ತಿದ್ದು. ಕೊನೆಯ ಮೂರು ದಿನದಲ್ಲಿ ಸತ್ತರೂ ಕಾರಣ ಹಿಂದಿನ 18 ದಿನದಲ್ಲೇ ಇದೆ.

ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತು ಇರುತ್ತವೆ, ಅವುಗಳ ಮೂಲಕ ನೀರು ಆವಿಯಾಗಿ ಹೋಗುತ್ತಲೇ ಇರಬೇಕು. ಹೋದ ನೀರಿನ ಜಾಗಕ್ಕೆ ಗಾಳಿ ಬರುತ್ತದೆ, ಅದೇ ದಪ್ಪ ತುದಿಯಲ್ಲಿ ದೊಡ್ಡದಾಗುತ್ತಾ ಹೋಗುವ ಗಾಳಿ ಜಾಗ. ಮರಿ ಚಿಪ್ಪು ಒಡೆಯುವ ಮುಂಚೆ ಮೊದಲು ಒಳಪೊರೆಗೆ ಕೊಕ್ಕು ಹಾಕಿ ಆ ಗಾಳಿ ಜಾಗಕ್ಕೆ ಬರುತ್ತದೆ. ಶ್ವಾಸಕೋಶದಿಂದ ಮೊದಲ ಉಸಿರು ತೆಗೆಯೋದು ಅಲ್ಲೇ. ಅಲ್ಲಿವರೆಗೆ ಅದು ಉಸಿರಾಡಿದ್ದೆಲ್ಲಾ ಚಿಪ್ಪಿನ ಒಳಗೆ ಹರಡಿದ ರಕ್ತನಾಳಗಳಿಂದ. ಆ ಏರ್ಪಾಡು ಕೊನೆಯಲ್ಲಿ ಮರಿಗೆ ಸಾಲದಾಗುತ್ತದೆ, ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಆಗ ಕತ್ತಿನ ಸ್ನಾಯು ಎಳೆದು ಕೊಕ್ಕು ಮೇಲಕ್ಕೆ ಕುಟ್ಟುತ್ತದೆ. ಗಾಳಿ ಜಾಗ ಚಿಕ್ಕದಿದ್ದರೆ ಉಸಿರಿಗೆ ಗಾಳಿ ಸಾಲದು, ತಿರುಗಲು ಜಾಗವೂ ಸಾಲದು. ಪೊರೆ ಹರಿದ ಜಾಗದಲ್ಲಿ ನೀರೇ ಇದ್ದರೆ ಕೊಕ್ಕಿಗೆ ಅದೇ ಸಿಗುತ್ತದೆ.

ಕೋಳಿ ಮೊಟ್ಟೆ, ಪೆಟ್ಟಿಗೆಯಲ್ಲಿ ಇಟ್ಟ ದಿನದಿಂದ 18ನೇ ದಿನದೊಳಗೆ ತನ್ನ ತೂಕದಲ್ಲಿ ಶೇ. 11ರಿಂದ 13 ಕಳೆದುಕೊಳ್ಳಬೇಕು. ಸಾಮಾನ್ಯವಾಗಿ ಮೊದಲ 18 ದಿನ ತೇವಾಂಶ ಶೇ. 45-55ರ ಆಸುಪಾಸು ಇದ್ದರೆ ಇಷ್ಟು ಇಳಿಯುತ್ತದೆ. 18ರ ನಂತರ 65-75ಕ್ಕೆ ಏರಿಸೋದು. ನೀವು ಮೊದಲಿಂದಲೇ ಕೊನೆಯ ಅಂಕಿ ಇಟ್ಟಿದ್ದೀರಿ.

ಒಣಕಾವು

ನಾನು 18 ದಿನ ಒಂದು ತೊಟ್ಟು ನೀರೂ ಹಾಕೋದಿಲ್ಲ. ಪೆಟ್ಟಿಗೆಯೊಳಗೆ 30-35 ತೋರಿಸುತ್ತೆ. ಕೊನೆಯ ಮೂರು ದಿನ ಮಾತ್ರ ನೀರು. ಮರಿ ಚೆನ್ನಾಗೇ ಬರುತ್ತವೆ. ಈ 45-55 ಲೆಕ್ಕ ಎಲ್ಲಾ ಸುಮ್ನೆ.

ಬಾತುಮನೆ

ನಿಮಗೆ ಚೆನ್ನಾಗಿ ಬರುತ್ತದೆ ಅಂದ್ರೆ ನಿಮ್ಮ ಹವಾ ಹಾಗಿದೆ ಅಂತ ಅರ್ಥ. ಹೊರಗಿನ ಗಾಳಿಯಲ್ಲೇ ತೇವ ಇರುವ ಕಡೆ ನೀರು ಹಾಕದಿದ್ದರೂ ಪೆಟ್ಟಿಗೆಯಲ್ಲಿ ಸಾಕಷ್ಟು ಇರುತ್ತದೆ. ಒಣ ಹವೆಯಲ್ಲಿ ಇದೇ ಸಲಹೆ ಕೇಳಿದವರ ಮರಿಗಳು ಪೊರೆಗೆ ಅಂಟಿಕೊಂಡು ಸಾಯುತ್ತವೆ. ಒಂದೇ ಪೆಟ್ಟಿಗೆ, ಒಂದೇ ಮನೆ, ಮಳೆಗಾಲಕ್ಕೂ ಬೇಸಿಗೆಗೂ ಫಲಿತಾಂಶ ಬೇರೆ ಬರೋದು ನೋಡಿಲ್ವಾ?

ಒಣಕಾವು

ಅದು ನಿಜ. ಬೇಸಿಗೆ ಬ್ಯಾಚು ಯಾವಾಗಲೂ ಸ್ವಲ್ಪ ಸಣ್ಣ ಮರಿಗಳೇ. ಮೊಟ್ಟೆ ಚಿಕ್ಕದು ಅಂದುಕೊಂಡಿದ್ದೆ.

ಕಾವುಗೂಡು

ನೋಡಿ, ನಾನು ಹೇಳಿದ 45-55 ಕೂಡ ಕಣ್ಣುಮುಚ್ಚಿ ಹಿಡಿಯುವ ಅಂಕಿ ಅಲ್ಲ. ಗಾಳಿಯನ್ನು ಅಳೆದು ಮೊಟ್ಟೆಯೊಳಗೆ ಏನಾಗಿದೆ ಅಂತ ಊಹಿಸೋದಕ್ಕಿಂತ ಮೊಟ್ಟೆಯನ್ನೇ ತೂಗಿಬಿಡಿ. ಅಡುಗೆಮನೆಯ ತಕ್ಕಡಿ ಸಾಕು. ಇಡುವ ದಿನ ಒಂದೊಂದನ್ನೂ ತೂಗಿ ಚಿಪ್ಪಿನ ಮೇಲೆ ಪೆನ್ಸಿಲ್‌ನಲ್ಲೇ ಬರೀರಿ. ಪೆನ್ ಬೇಡ, ಶಾಯಿ ತೂತುಗಳೊಳಗೆ ಇಳಿಯುತ್ತದೆ.

ಲೆಕ್ಕ ಹೀಗೆ. 55 ಗ್ರಾಂ ಮೊಟ್ಟೆ 18ನೇ ದಿನಕ್ಕೆ ಸುಮಾರು ಆರೂವರೆ ಗ್ರಾಂ ಇಳಿದು 48ರ ಹತ್ತಿರ ಬರಬೇಕು. 7ನೇ ದಿನಕ್ಕೆ ಎರಡೂವರೆ ಗ್ರಾಂ. ಒಂದು ಮೊಟ್ಟೆಯಲ್ಲಿ ಅರ್ಧ ಗ್ರಾಂ ವ್ಯತ್ಯಾಸ ತಕ್ಕಡಿಗೆ ಸಿಗದೆ ಹೋಗಬಹುದು, ಅದಕ್ಕೆ ಒಂದು ಡಜನ್ ಒಟ್ಟಿಗೆ ತೂಗೋದು ಒಳ್ಳೇದು. 660 ಗ್ರಾಂ ಡಜನ್ 7ನೇ ದಿನ ಸುಮಾರು 630ಕ್ಕೆ ಇಳಿದಿದ್ದರೆ ದಾರಿ ಸರಿ ಇದೆ. 645 ಇದ್ದರೆ ನೀರು ತೆಗೀರಿ, ಗಾಳಿ ಕಿಂಡಿ ಸ್ವಲ್ಪ ತೆರೀರಿ. 610 ಇದ್ದರೆ ನೀರು ಸೇರಿಸಿ. ಇನ್ನೂ 11 ದಿನ ಕೈಯಲ್ಲಿ ಇರುತ್ತದೆ, ಸರಿಮಾಡಲು ಬೇಕಾದಷ್ಟಾಯಿತು. ನಡುವೆ ಗೊಡ್ಡು ಮೊಟ್ಟೆ ತೆಗೆದರೆ ಅದರ ಮೇಲೆ ಬರೆದ ತೂಕವನ್ನು ಮೊದಲಿನ ಮೊತ್ತದಿಂದ ಕಳೀರಿ, ಇಲ್ಲಾಂದ್ರೆ ಲೆಕ್ಕ ಗೋಜಲಾಗುತ್ತದೆ.

ಹೊಸಹುಂಜ

ಇದು ಅರ್ಥ ಆಯ್ತು. ತಕ್ಕಡಿ ಇಲ್ಲದವರು ಏನು ಮಾಡೋದು?

ಬಾತುಮನೆ

ಪೆನ್ಸಿಲ್ ಸಾಕು. ಟಾರ್ಚ್ ಬಿಟ್ಟಾಗ ಗಾಳಿ ಜಾಗದ ಅಂಚು ಗೆರೆ ಥರ ಕಾಣುತ್ತದಲ್ಲ, 7, 14, 18ಕ್ಕೆ ಅದೇ ಗೆರೆ ಎಳೆದು ದಿನ ಬರೀರಿ. 18ನೇ ದಿನ ಮೊಟ್ಟೆಯ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಖಾಲಿ ಇರುತ್ತದೆ. ಟಾರ್ಚ್ ವಿಷಯ ಬಂತು ಅಂತ ಹೇಳ್ತೀನಿ, ಮೊಬೈಲ್ ಟಾರ್ಚಿನ ಮೇಲೆ ರಟ್ಟಿಟ್ಟು ರೂಪಾಯಿಗಿಂತ ಚಿಕ್ಕ ತೂತು ಮಾಡಿ, ಕೋಣೆ ಕತ್ತಲು ಮಾಡಿ. ಬಿಳಿ ಚಿಪ್ಪಿನಲ್ಲಿ 4-5ನೇ ದಿನವೇ ಕಾಣುತ್ತದೆ, ಕಂದು ಚಿಪ್ಪಿನಲ್ಲಿ 7ರವರೆಗೆ ಕಾಯಿರಿ. ಒಂದು ಕಪ್ಪು ಚುಕ್ಕೆ, ಅದರ ಸುತ್ತ ಕೆಂಪು ನರಗಳು, ಚುಕ್ಕೆ ಮೆಲ್ಲಗೆ ತೂಗುತ್ತಿರುತ್ತದೆ. ಆ ಚುಕ್ಕೆ ಮರಿಯ ಕಣ್ಣು. ನರಗಳೇ ಇಲ್ಲದೆ ಒಂದು ಕೆಂಪು ಉಂಗುರ ಮಾತ್ರ ಇದ್ದರೆ ಅದು ಬೆಳೆಯಲು ಶುರುವಾಗಿ ಸತ್ತಿದ್ದು. ಅದನ್ನು ತೆಗೆದುಬಿಡಿ, ಬಿಟ್ಟರೆ ಕೊಳೆತು ಒಳಗೇ ಒಡೆಯಬಹುದು. ಆ ವಾಸನೆ ಒಂದು ಸಲ ಬಂದರೆ ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ.

ರೆಕ್ಕೆಪುಕ್ಕ

ಮಧ್ಯ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಅಂಗಡಿಯಲ್ಲಿ ತಂದ ಮೊಟ್ಟೆ ಇಟ್ಟರೆ ಮರಿ ಆಗುತ್ತಾ? ಮಕ್ಕಳು ಕೇಳ್ತಿದ್ದಾರೆ.

ಗರಿಗರಿ

ಹುಂಜ ಬೇಕಲ್ವಾ ಸ್ವಾಮಿ. ಪಂಜರದ ಫಾರಂಗಳಲ್ಲಿ ಹುಂಜ ಇರೋದಿಲ್ಲ, ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಮೂರು ವಾರ ಕಾದರೂ ಬಿಸಿ ಮೊಟ್ಟೆ ಅಷ್ಟೇ.

ಕಾವುಗೂಡು

8-10 ಹೇಂಟೆಗೆ ಒಂದು ಹುಂಜ ಇರುವ ಹಿಂಡಿನಿಂದ ತನ್ನಿ. ತೀರಾ ದೊಡ್ಡದು, ತೀರಾ ಚಿಕ್ಕದು, ಬಿರುಕು ಬಿಟ್ಟಿದ್ದು ಬೇಡ. ಕೋಳಿ ಇಟ್ಟು ಒಂದು ವಾರದೊಳಗಿನ ಮೊಟ್ಟೆ ಆಗಬೇಕು, ಅಲ್ಲಿವರೆಗೆ ಚೂಪು ತುದಿ ಕೆಳಗೆ ಮಾಡಿ ತಣ್ಣನೆ ಜಾಗದಲ್ಲಿ, 13-18 ಡಿಗ್ರಿಯಲ್ಲಿ ಇಡಿ. ಫ್ರಿಜ್ ಬೇಡ. ಕೊಳಕಾಗಿದೆ ಅಂತ ತಣ್ಣೀರಲ್ಲಿ ತೊಳೀಬೇಡಿ, ಒಳಗಿನದು ಕುಗ್ಗಿ ಹೊರಗಿನ ಕೊಳೆಯನ್ನೇ ತೂತುಗಳಿಂದ ಒಳಗೆ ಎಳೆದುಕೊಳ್ಳುತ್ತದೆ. ಮಕ್ಕಳಿಗೆ ಚೆನ್ನಾಗಿರುತ್ತದೆ, ಮಾಡಿ. ಆದರೆ ಹುಟ್ಟೋದರಲ್ಲಿ ಅರ್ಧ ಹುಂಜವೇ ಇರುತ್ತವೆ, ಅವನ್ನು ಎಲ್ಲಿ ಬಿಡೋದು ಅಂತ ಮೊದಲೇ ಯೋಚಿಸಿ.

ತಂತಿಬಲ್ಬು

ತೇವಾಂಶದ ಬಗ್ಗೆ ಎಲ್ಲಾ ಮಾತಾಡಿದಿರಿ, ಆದರೆ ಹೊಸಹುಂಜ ಅವರ 37.5 ಯಾರೂ ಮತ್ತೆ ಕೇಳಲೇ ಇಲ್ಲ. ನಾನು ಥರ್ಮೋಕೋಲ್ ಡಬ್ಬಕ್ಕೆ ಬಲ್ಬು, ಕಂಪ್ಯೂಟರ್ ಫ್ಯಾನ್ ಹಾಕಿ ಮಾಡಿಕೊಂಡವನು. ಡಿಸ್‌ಪ್ಲೇ ತೋರಿಸೋದು ಸೆನ್ಸರ್ ಇರುವ ಜಾಗದ ಬಿಸಿ. ಸೆನ್ಸರ್ ಮುಚ್ಚಳದಲ್ಲಿ ಬಲ್ಬಿನ ಪಕ್ಕ ನೇತಾಡುತ್ತಿದ್ದರೆ ಮೂಲೆಯ ಮೊಟ್ಟೆಗೆ ಒಂದು ಡಿಗ್ರಿ ಕಮ್ಮಿ ಇರಬಹುದು, ಡಿಸ್‌ಪ್ಲೇಗೆ ಅದೇನೂ ಗೊತ್ತಾಗೋದಿಲ್ಲ.

ಪರೀಕ್ಷೆ ಮಾಡಲು ಮನೆಯಲ್ಲೇ ಸಾಮಾನು ಇದೆ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್. ಅದು ಸರಿಯಾಗಿ ಓದೋದೇ 37ರ ಆಸುಪಾಸಿನಲ್ಲಿ, ನಮಗೆ ಬೇಕಿರೋದೂ ಅದೇ. ಗಾಳಿ ಕಿಂಡಿಯಿಂದ ತುದಿ ಇಳಿಸಿ ಮೊಟ್ಟೆಗಳ ಮಟ್ಟದಲ್ಲಿ ಹಿಡೀರಿ. ಒಂದು ವಿಷಯ, ಅದು ಏರಿದ ಅಂಕಿಯನ್ನೇ ಹಿಡಿದುಕೊಂಡಿರುತ್ತದೆ, ಆದ್ದರಿಂದ ಪ್ರತಿ ಸಲ ಆರಿಸಿ ಮತ್ತೆ ಹಾಕಬೇಕು. ನಾಲ್ಕು ಮೂಲೆ, ನಡುವೆ, ಎಲ್ಲಾ ಕಡೆ ನೋಡಿ. ಹಳೇ ಪಾದರಸದ್ದು ಒಳಗೆ ಇಡಬೇಡಿ, ಒಡೆದರೆ ಪೆಟ್ಟಿಗೆಯನ್ನೇ ಬಿಸಾಡಬೇಕು.

ಫ್ಯಾನ್ ಇಲ್ಲದ ಪೆಟ್ಟಿಗೆಯವರಿಗೆ ಲೆಕ್ಕ ಬೇರೆ. ಬಿಸಿ ಗಾಳಿ ಮೇಲೆ, ತಣ್ಣನೆಯದು ಕೆಳಗೆ, ಅದಕ್ಕೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ 38.3ರಿಂದ 38.8 ಇಡಬೇಕು.

ಕಾವುಗೂಡು

ಸರಿಯಾಗಿ ಹೇಳಿದಿರಿ. ಗಾಳಿಯ ಬಿಸಿ ನಿಮಿಷಕ್ಕೊಮ್ಮೆ ಏರಿಳಿಯುತ್ತದೆ, ಮೊಟ್ಟೆಯ ಒಳಗೆ ಅಷ್ಟು ಬೇಗ ಬದಲಾಗೋದಿಲ್ಲ. ಒಂದು ಪುಟ್ಟ ಬಾಟಲಿಗೆ ನೀರು ತುಂಬಿ ಥರ್ಮಾಮೀಟರಿನ ಕಡ್ಡಿ ಅದರೊಳಗೆ ಇಟ್ಟರೆ ಮೊಟ್ಟೆಯ ಬಿಸಿಗೆ ಹತ್ತಿರದ ಅಂಕಿ ಸಿಗುತ್ತದೆ. ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಮಣ್ಣಿನ ಇಟ್ಟಿಗೆ ಗೂಡುಗಳಲ್ಲಿ ಸಾವಿರಗಟ್ಟಲೆ ಮೊಟ್ಟೆ ಒಟ್ಟಿಗೆ ಮರಿ ಮಾಡಿಸುತ್ತಿದ್ದರಂತಲ್ಲ, ಅಲ್ಲಿಯ ಕೆಲಸಗಾರರು ಥರ್ಮಾಮೀಟರ್ ಇಲ್ಲದೆ ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಕಾವು ಗೊತ್ತುಮಾಡುತ್ತಿದ್ದರು. ಅವರೂ ಗಾಳಿ ನೋಡಲಿಲ್ಲ, ಮೊಟ್ಟೆ ನೋಡಿದರು.

ತೇವಾಂಶದ ಮೀಟರೂ ಸುಳ್ಳು ಹೇಳುತ್ತದೆ, ಅಗ್ಗದ್ದು ಹತ್ತು ಅಂಕಿ ಆಚೀಚೆ ಇರೋದು ಮಾಮೂಲು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದ ಹಾಗೆ ಒದ್ದೆ ಮರಳಿನ ಹದಕ್ಕೆ ನೀರು ಬೆರೆಸಿ, ಮೀಟರ್ ಜೊತೆ ಗಾಳಿ ಆಡದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಬೆಳಗ್ಗೆ 75 ತೋರಿಸಬೇಕು. 68 ತೋರಿಸಿದರೆ ನಿಮ್ಮ ಮೀಟರ್ 7 ಕಮ್ಮಿ ಓದುತ್ತದೆ ಅಂತ ಬರೆದಿಟ್ಟುಕೊಳ್ಳಿ.

ಹೊಸಹುಂಜ

ಜ್ವರದ ಥರ್ಮಾಮೀಟರ್ ಇಟ್ಟು ನೋಡಿದೆ. ನಡುವೆ 37.4, ಬಾಗಿಲ ಕಡೆ ಮೂಲೆಯಲ್ಲಿ 36.8. ಉಪ್ಪಿನ ಪರೀಕ್ಷೆಯಲ್ಲಿ ಮೀಟರ್ 67 ತೋರಿಸಿತು! ಅಂದ್ರೆ ನಾನು 65 ಅಂದುಕೊಂಡಾಗ ನಿಜವಾಗಿ 73 ಇತ್ತು, ಅಲ್ವಾ?

ತಂತಿಬಲ್ಬು

ಹೌದು. ಇನ್ನೇನು ಬೇಕು ಹೇಳಿ. ಮೂಲೆಯ ಮೊಟ್ಟೆಗಳನ್ನು ಟಾರ್ಚ್ ಬಿಡುವಾಗಲೆಲ್ಲಾ ನಡುವಿನವುಗಳ ಜೊತೆ ಅದಲುಬದಲು ಮಾಡಿ. ಕಮ್ಮಿ ಬಿಸಿಯಲ್ಲಿ ಮರಿ ತಡವಾಗಿ ಬರುತ್ತದೆ, ಹೊಟ್ಟೆ ದಪ್ಪ, ಕಾಲಲ್ಲಿ ಬಲ ಕಮ್ಮಿ. ಜಾಸ್ತಿ ಬಿಸಿ ಆದರೆ 20ಕ್ಕೇ ಹೊರಗೆ, ಹೊಕ್ಕುಳು ಸರಿಯಾಗಿ ಮುಚ್ಚಿರೋದಿಲ್ಲ. ಎರಡರಲ್ಲಿ ಕೆಟ್ಟದ್ದು ಜಾಸ್ತಿ ಬಿಸಿಯೇ.

ಗರಿಗರಿ

ಕರೆಂಟ್ ಹೋದರೆ?

ತಂತಿಬಲ್ಬು

ಗಾಬರಿ ಬೀಳಬೇಡಿ. ಕಾವಿಗೆ ಕೂತ ಕೋಳಿಯೂ ದಿನಕ್ಕೊಮ್ಮೆ ಎದ್ದು ಮೇವು ನೀರು ಮುಗಿಸಿ ಬರುತ್ತದೆ, ಅಷ್ಟು ಹೊತ್ತು ಮೊಟ್ಟೆ ತಣ್ಣಗೇ ಇರುತ್ತದೆ. ಒಂದೆರಡು ಗಂಟೆಗೆ ಮುಚ್ಚಳ ತೆಗೀದೆ ಮೇಲೆ ಕಂಬಳಿ ಹೊದಿಸಿ. ಜಾಸ್ತಿ ಹೊತ್ತಾದರೆ ಬಿಸಿನೀರಿನ ಬಾಟಲಿ ಬಟ್ಟೆ ಸುತ್ತಿ ಒಳಗಿಡಿ, ಮೊಟ್ಟೆಗೆ ತಾಗಬಾರದು. 15-16ನೇ ದಿನ ದಾಟಿದ ಮೇಲೆ ಮಾತ್ರ ಕಂಬಳಿ ಬಿಗಿಯಾಗಿ ಸುತ್ತಬೇಡಿ. ಆ ಹೊತ್ತಿಗೆ ಒಳಗಿನ ಮರಿಗಳೇ ಶಾಖ ಬಿಡುತ್ತಿರುತ್ತವೆ, ಗಾಳಿಯೂ ಜಾಸ್ತಿ ಬೇಕು. ಕಿಂಡಿ ಮುಚ್ಚಿದರೆ ಚಳಿಗಲ್ಲ, ಉಸಿರುಕಟ್ಟಿ ಸಾಯುತ್ತವೆ.

ಹೊಸಹುಂಜ

ಸರಿ, ಹೊಸ ಮೊಟ್ಟೆ ತೂಗಿ ಇಡ್ತೀನಿ. ದಿನದ ಲೆಕ್ಕದಲ್ಲಿ ಇನ್ನೂ ಗೊಂದಲ. ಇಟ್ಟ ದಿನವೇ ಒಂದನೇ ದಿನವಾ?

ಬಾತುಮನೆ

ಅಲ್ಲ. 24 ಗಂಟೆ ಕಳೆದ ಮೇಲೆ ಒಂದು ದಿನ. ಸೋಮವಾರ ಸಂಜೆ ಇಟ್ಟರೆ ಮಂಗಳವಾರ ಸಂಜೆಗೆ 1. ಹಾಗಾಗಿ 21ನೇ ದಿನ ಮತ್ತೆ ಸೋಮವಾರವೇ ಬರುತ್ತದೆ. ಟಾರ್ಚ್ ಬಿಡೋದೂ ಸೋಮವಾರಗಳಂದೇ, 7 ಮತ್ತು 14. ಮೊಟ್ಟೆ ತಿರುಗಿಸೋದು ನಿಲ್ಲಿಸಬೇಕಾದ 18ನೇ ದಿನ ಶುಕ್ರವಾರ. ಕೈಯಲ್ಲಿ ತಿರುಗಿಸುವವರು ಒಂದು ಕಡೆ ಗುಣಾಕಾರ ಚಿಹ್ನೆ, ಇನ್ನೊಂದು ಕಡೆ ಸೊನ್ನೆ ಬರೆದು ದಿನಕ್ಕೆ ಮೂರು ಅಥವಾ ಐದು ಸಲ ತಿರುಗಿಸಿ. ಬೆಸ ಸಂಖ್ಯೆ ಯಾಕೆ ಅಂದ್ರೆ ರಾತ್ರಿಯ ಉದ್ದ ಹೊತ್ತು ಒಂದೇ ಕಡೆಗೆ ಬೀಳಬಾರದು. ತಿರುಗಿಸದಿದ್ದರೆ ಒಳಗಿನ ಜೀವ ಪೊರೆಗೆ ಅಂಟಿಕೊಳ್ಳುತ್ತದೆ.

ನನ್ನ ಬಾತುಗಳಿಗೆ 28 ದಿನ, ತಿರುಗಿಸೋದು 25ಕ್ಕೆ ಬಂದ್. ಒಂದೇ ಪೆಟ್ಟಿಗೆಯಲ್ಲಿ ಬಾತು ಮೊದಲಿಟ್ಟು ಏಳು ದಿನ ಬಿಟ್ಟು ಕೋಳಿ ಇಟ್ಟರೆ ಎರಡಕ್ಕೂ ಕೊನೆಯ ಮೂರು ದಿನ ಒಟ್ಟಿಗೆ ಬರುತ್ತವೆ. ಮಸ್ಕೋವಿ ಅನ್ನೋ ಬಾತಿಗೆ ಇದು ಹೊಂದೋದಿಲ್ಲ, ಅದಕ್ಕೆ 35 ದಿನ ಬೇಕು.

ರೆಕ್ಕೆಪುಕ್ಕ

ಕೊನೆಯ ಮೂರು ದಿನ ಮುಚ್ಚಳ ತೆಗೀಲೇಬಾರದು ಅಂತಾರಲ್ಲ, ನಿಜಾನಾ? ಮೊದಲ ಮರಿ ಬಂದರೆ ತೆಗೆದು ನೋಡೋಣ ಅನ್ಸುತ್ತೆ.

ಕಾವುಗೂಡು

ನಿಜ. ಒಂದು ಮರಿ ಚಿಪ್ಪಿಗೆ ತೂತು ಹಾಕಿ ಅರ್ಧ ಕೆಲಸದಲ್ಲಿದ್ದಾಗ ಮುಚ್ಚಳ ತೆಗೆದರೆ ಒಳಗಿನ ತೇವ ಒಂದೇ ಸಲಕ್ಕೆ ಹೊರಗೆ ಹೋಗುತ್ತದೆ. ತೂತಿನ ಸುತ್ತ ಬಿಳಿ ಪೊರೆ ಕಾಗದದ ಹಾಗೆ ಒಣಗಿ ಮರಿಯನ್ನು ಬಿಗಿದು ಹಾಕುತ್ತದೆ. ಮತ್ತೆ ತಿರುಗಲು ಆಗೋದಿಲ್ಲ.

ಹೊರಗೆ ಬರೋದು ಹೇಗೆ ಅಂತ ಗೊತ್ತಿದ್ದರೆ ಕಾಯೋದು ಸುಲಭ. ಮೊದಲು ಮೊಟ್ಟೆ ಒಳಗಿಂದ ಚಿಂವ್ ಚಿಂವ್ ಕೇಳುತ್ತದೆ, ಚಿಪ್ಪಿನ ಮೇಲೆ ಏನೂ ಕಾಣೋದಿಲ್ಲ. ಆಮೇಲೆ ದಪ್ಪ ತುದಿಯ ಹತ್ತಿರ ಚಿಪ್ಪು ಒಂದು ಕಡೆ ಉಬ್ಬಿ ಬಿರುಕು ಬೀಳುತ್ತದೆ. ಅಲ್ಲಿಂದ 12 ಗಂಟೆ, ಕೆಲವೊಮ್ಮೆ 24 ಗಂಟೆ ಏನೂ ನಡೆಯೋದಿಲ್ಲ. ಸತ್ತಿದೆ ಅಂದುಕೊಳ್ಳುತ್ತೇವೆ. ಸತ್ತಿರೋದಿಲ್ಲ. ಪೊರೆಯ ನರಗಳಲ್ಲಿರುವ ರಕ್ತವನ್ನೂ ಹೊಟ್ಟೆಯ ಹತ್ತಿರ ಉಳಿದ ಹಳದಿಯನ್ನೂ ಒಳಗೆ ಎಳೆದುಕೊಳ್ಳುತ್ತಾ ಇರುತ್ತದೆ. ಅದು ಮುಗಿದ ಮೇಲೆ ಒಂದೇ ದಿಕ್ಕಿಗೆ ತಿರುಗುತ್ತಾ, ಕೊಕ್ಕಿನ ತುದಿಯ ಮೊನೆಯಿಂದ ಚಿಪ್ಪನ್ನು ಸುತ್ತ ಕತ್ತರಿಸಿ, ಕಾಲಿಂದ ಒದ್ದು ಮುಚ್ಚಳ ಬೀಳಿಸುತ್ತದೆ. ಈ ಕೊನೆಯ ಭಾಗ ಗಂಟೆಯೊಳಗೆ ಮುಗಿಯಬಹುದು.

ಒಣಕಾವು

ಸಹಾಯ ಮಾಡೋದು ತಪ್ಪು ಅಂತಾರೆ. ತಾನಾಗಿ ಬರಲಾರದ ಮರಿ ದುರ್ಬಲವಂತೆ, ಸಾಯಲಿ ಬಿಡಿ ಅಂತ.

ಕಾವುಗೂಡು

ನಾನು ಒಪ್ಪೋದಿಲ್ಲ. ಪೊರೆ ಒಣಗಿಸಿದ್ದು ನಮ್ಮ ಪೆಟ್ಟಿಗೆ, ದುರ್ಬಲ ಅನ್ನೋ ಹೆಸರು ಮರಿಗೆ! ಹಾಗಂತ ಆತುರವೂ ಬೇಡ. ತೂತು ಹಾಕಿ 24 ಗಂಟೆ ದಾಟಿ ಏನೂ ಮುಂದುವರಿಯದಿದ್ದರೆ, ಬೇರೆ ಮೊಟ್ಟೆಗಳು ಅರ್ಧ ದಾರಿಯಲ್ಲಿ ಇಲ್ಲದ ಹೊತ್ತು ನೋಡಿ ತೆಗೆದು, ಉಗುರುಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಪೊರೆ ಒದ್ದೆ ಮಾಡಿ, ಕೊಕ್ಕಿನ ಮೂಗಿನ ತೂತು ಬಿಟ್ಟು. ಚಿಪ್ಪಿನ ಚೂರು ಒಂದೊಂದೇ ಬಿಡಿಸಿ. ಪೊರೆಯಲ್ಲಿ ಕೆಂಪು ನರ ಕಂಡರೆ ಅಲ್ಲೇ ನಿಲ್ಲಿಸಿ, ರಕ್ತ ಇನ್ನೂ ಒಳಗೆ ಹೋಗಿಲ್ಲ. ವಾಪಸ್ಸು ಇಟ್ಟು ಕೆಲವು ಗಂಟೆ ಕಾಯಿರಿ.

ಹೊಸಹುಂಜ

ಸುದ್ದಿ ಹೇಳಲು ಬಂದೆ. 7ನೇ ದಿನ ತೂಗಿದಾಗ ಇಳಿಕೆ ಕಮ್ಮಿ ಇತ್ತು, ನೀರಿನ ಬಟ್ಟಲು ತೆಗೆದು ಕಿಂಡಿ ತೆರೆದೆ. 14ಕ್ಕೆ ಲೆಕ್ಕಕ್ಕೆ ಬಂತು. ಈಗ ಒಳಗೆ ಸಂತೆ ಗದ್ದಲ, ಮೂಲೆಯ ಎರಡು ಮೊಟ್ಟೆ ಬಿಟ್ಟು ಎಲ್ಲಾ ಬಿರುಕು ಬಿಟ್ಟಿವೆ, ಕೆಲವು ಹೊರಗೂ ಬಂದು ಉಳಿದ ಮೊಟ್ಟೆಗಳ ಮೇಲೆಲ್ಲಾ ತುಳಿದಾಡುತ್ತಿವೆ. ಒಂದು ಇನ್ನೊಂದರ ಚಿಪ್ಪಿನ ತೂತಿಗೆ ಕೊಕ್ಕು ಹಾಕಿ ಕುಕ್ಕುತ್ತಿದೆ. ಅವನ್ನು ಯಾವಾಗ ತೆಗೆಯಲಿ? ಮೇವು ನೀರು ಇಲ್ಲದೆ ಎಷ್ಟು ಹೊತ್ತು ಇರುತ್ತವೆ?

ಬಾತುಮನೆ

ಹೊಟ್ಟೆಯೊಳಗೆ ಹಳದಿ ಇರುತ್ತದೆ, ಎರಡು ದಿನ ಏನೂ ಕೊಡದಿದ್ದರೂ ನಡೆಯುತ್ತದೆ. ಪುಕ್ಕ ಪೂರ್ತಿ ಒಣಗಿ ಉಬ್ಬುವವರೆಗೆ ಬಿಡಿ, ಒದ್ದೆ ಮರಿ ಹೊರಗೆ ಬಂದರೆ ಚಳಿ ಹಿಡಿಯುತ್ತದೆ. ಆಮೇಲೆ ಒಂದೇ ಸಲ ಮುಚ್ಚಳ ತೆಗೆದು ಒಣಗಿದ್ದನ್ನೆಲ್ಲಾ ಬೇಗ ಬ್ರೂಡರಿಗೆ (ಮರಿಗಳನ್ನು ಬೆಚ್ಚಗಿಡುವ ಗೂಡಿಗೆ) ಹಾಕಿ, ಒದ್ದೆ ಬಟ್ಟೆ ಒಳಗಿಟ್ಟು ಮುಚ್ಚಿ. ಬ್ರೂಡರ್ ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಹೋಗಿ. ಕೆಳಗೆ ನ್ಯೂಸ್ ಪೇಪರ್ ಹಾಸಬೇಡಿ, ಜಾರಿ ಕಾಲು ಅಗಲವಾಗುತ್ತದೆ. ಗೋಣಿತಟ್ಟು ಅಥವಾ ಒರಟು ಬಟ್ಟೆ ಹಾಕಿ.

ತಂತಿಬಲ್ಬು

ನೀರಿನ ತಟ್ಟೆಗೆ ಚಿಕ್ಕ ಕಲ್ಲುಗಳನ್ನು ಹಾಕಿಡಿ, ಮರಿ ಬಿದ್ದು ಮುಳುಗಬಾರದು. ಬ್ರೂಡರಿಗೆ ಬಿಟ್ಟಾಗ ಒಂದೊಂದರ ಕೊಕ್ಕನ್ನೂ ಒಮ್ಮೆ ನೀರಿಗೆ ತಾಗಿಸಿ, ಮೇವು ಆಮೇಲೆ. ಮತ್ತೆ ಆ ಮೂಲೆಯ ಎರಡನ್ನು ಇವತ್ತೇ ಬಿಸಾಡಬೇಡಿ, ಅಲ್ಲಿ 36.8 ಇತ್ತಲ್ಲ, ಇನ್ನೊಂದು ದಿನ ನೋಡಿ.